ಮಣ್ಣಿನ ಗುಣ, ನೀರಿನ ಋಣ

ತುಂಗಭದ್ರಾ ನಾಲೆಯ ಕೊನೆಯಂಚಿನ ಒಂದು ಎರೆಹೊಲದಿಂದ ಎರಡು ಹೆಂಟೆ ತಂದಿದ್ದೆ. ಎರಡೂ ಗೋಲಿಯಷ್ಟು ದಪ್ಪ, ಒಣಗಿ ಕಲ್ಲಿನಂತಾಗಿದ್ದವು. ಒಂದನ್ನು ಮಳೆನೀರು ತುಂಬಿದ ಗಾಜಿನ ಲೋಟಕ್ಕೆ ಮೆಲ್ಲಗೆ ಬಿಟ್ಟೆ. ಅದೇ ಮಳೆನೀರಿಗೆ ಒಂದು ಚಮಚ ಜಿಪ್ಸಮ್ ಪುಡಿ ಹಾಕಿ ಕದಡಿ, ತಿಳಿಯಾದ ಮೇಲೆ ಬಸಿದುಕೊಂಡ ನೀರು ಇನ್ನೊಂದು ಲೋಟದಲ್ಲಿತ್ತು. ಎರಡನೆಯ ಹೆಂಟೆಯನ್ನು ಅದಕ್ಕೆ ಬಿಟ್ಟೆ. ಯಾವುದನ್ನೂ ಅಲುಗಾಡಿಸಲಿಲ್ಲ. ಹತ್ತು ನಿಮಿಷದಲ್ಲಿ ಮೊದಲ ಹೆಂಟೆಯ ಸುತ್ತ ಹಾಲು ಚೆಲ್ಲಿದಂಥ ಮಸುಕು ಎದ್ದಿತು. ಸಂಜೆಗೆ ಆ ಮಸುಕು ಲೋಟದ ತಳವನ್ನೆಲ್ಲ ಆವರಿಸಿತ್ತು. ಮರುದಿನ ಬೆಳಿಗ್ಗೆಯೂ ನೀರು ಬಗ್ಗಡವಾಗಿಯೇ ಇತ್ತು. ಎರಡನೆಯ ಲೋಟದ ಹೆಂಟೆಯೂ ಇಡಿಯಾಗಿ ಉಳಿದಿರಲಿಲ್ಲ, ಚೂರುಚೂರಾಗಿ ಕುಸಿದಿತ್ತು. ಆದರೆ ನೀರು ಮಾತ್ರ ತಿಳಿ. ಲೋಟದ ಹಿಂದೆ ಪತ್ರಿಕೆ ಹಿಡಿದರೆ ಅಕ್ಷರ ಓದಬಹುದಿತ್ತು.

ಆಸ್ಟ್ರೇಲಿಯಾದ ಮಣ್ಣು ವಿಜ್ಞಾನಿ ಎಮರ್ಸನ್ 1967ರಲ್ಲಿ ಈ ಲೋಟದ ಆಟವನ್ನೇ ಒಂದು ಪರೀಕ್ಷೆಯಾಗಿ ರೂಪಿಸಿದರು. ಅಲ್ಲಿ ರೈತರ ಹೊಲದಲ್ಲಿ ಕಟ್ಟಿದ ಸಣ್ಣ ಮಣ್ಣಿನ ಒಡ್ಡುಗಳು ಮೊದಲ ಸಲ ನೀರು ತುಂಬಿದಾಗಲೇ ಒಳಗೊಳಗೇ ಕೊರೆದುಹೋಗಿ ಒಡೆಯುತ್ತಿದ್ದವು. ಮಣ್ಣು ಕೆಟ್ಟದ್ದೇ, ಕೆಲಸ ಕೆಟ್ಟದ್ದೇ ಎಂಬ ವಾದಗಳ ನಡುವೆ, ತುಂಬಿದ ನೀರು ಯಾವುದು ಎಂದು ಕೇಳಿದವರು ಕಡಿಮೆ. ಈ ಲೇಖನ ಪೂರ್ತಿ ಆ ಒಂದು ಪ್ರಶ್ನೆಯ ಬೆನ್ನು ಹತ್ತಿದ್ದು. ಜೇಡಿಯ ಗುಣವನ್ನು ನಾವು ಅದರ ಹುಟ್ಟುಗುಣವೆಂಬಂತೆ ಮಾತಾಡುತ್ತೇವೆ: ಅಂಟು ಮಣ್ಣು, ಉಬ್ಬುವ ಮಣ್ಣು, ಕುಸಿಯುವ ಮಣ್ಣು. ಕಳೆದ 170 ವರ್ಷಗಳ ಅಧ್ಯಯನಗಳನ್ನು ಸಾಲಾಗಿ ಇಟ್ಟು ನೋಡಿದರೆ ಆ ಗುಣದಲ್ಲಿ ಅರ್ಧ ಪಾಲು ನೀರಿನದು. ಮತ್ತೆ ಮತ್ತೆ ಎದುರಾಗುವ ಅಚ್ಚರಿಯೆಂದರೆ, ಮಣ್ಣನ್ನು ಕೆಡಿಸುವುದು ಬಹಳ ಸಲ ಉಪ್ಪುನೀರಲ್ಲ, ಸಿಹಿನೀರು.

ಜೇಡಿ ಕಣವೆಂದರೆ ಒಂದರ ಮೇಲೊಂದು ಜೋಡಿಸಿಟ್ಟ ಹಾಳೆಗಳ ಕಂತೆ. ಎರೆಮಣ್ಣಿನ ಮುಖ್ಯ ಖನಿಜವಾದ ಮಾಂಟ್‌ಮೊರಿಲೊನೈಟ್‌ನ ಒಂದೊಂದು ಹಾಳೆಯ ದಪ್ಪ ಸುಮಾರು 1 ನ್ಯಾನೊಮೀಟರ್. ಅದರ ಒಂದು ಗ್ರಾಂ ಪುಡಿಯ ಎಲ್ಲ ಹಾಳೆಗಳನ್ನೂ ಬಿಡಿಸಿ ಹಾಸಿದರೆ 800 ಚದರ ಮೀಟರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಎಂಟು ಗುಂಟೆ. ಚಿಟಿಕೆ ಮಣ್ಣಿನೊಳಗೆ ಎಂಟು ಗುಂಟೆ ಮೇಲ್ಮೈ ಇರುವಾಗ, ಆ ಮೇಲ್ಮೈಗೆ ನೀರಿನೊಡನೆ ಏನು ಸಂಬಂಧ ಎಂಬುದೇ ಎಲ್ಲವನ್ನೂ ನಿರ್ಧರಿಸುವುದರಲ್ಲಿ ಆಶ್ಚರ್ಯವಿಲ್ಲ. ಕೆಂಪು ಮಸಾರಿಯಲ್ಲಿ ಹೆಚ್ಚಾಗಿ ಸಿಗುವ ಕೆಯೊಲಿನೈಟ್‌ನದು ಗ್ರಾಂಗೆ 10–20 ಚದರ ಮೀಟರ್ ಮಾತ್ರ, ಒಂದು ಕೋಣೆಯಷ್ಟು. ಇವೆರಡರ ನಡುವೆ ನಿಲ್ಲುವುದು ಇಲ್ಲೈಟ್.

ಈ ಹಾಳೆಗಳು ಹುಟ್ಟುವಾಗಲೇ ಒಂದು ಕೊರತೆ ಹೊತ್ತು ಬಂದಿರುತ್ತವೆ. ಸಿಲಿಕಾನ್ ಕೂರಬೇಕಾದ ಕಡೆ ಅಲ್ಯೂಮಿನಿಯಂ, ಅಲ್ಯೂಮಿನಿಯಂ ಕೂರಬೇಕಾದ ಕಡೆ ಮೆಗ್ನೀಸಿಯಂ ಕೂತುಬಿಟ್ಟಿರುವುದರಿಂದ ಹಾಳೆಗೆ ಋಣ ವಿದ್ಯುದಂಶ ಬರುತ್ತದೆ. ಆ ಋಣ ತೀರಿಸಲು ನೀರಿನಿಂದ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ಬಂದು ಹಾಳೆಯ ಹತ್ತಿರ ನೆಲೆಸುತ್ತವೆ. ಬಂದವು ಶಾಶ್ವತವಾಗಿ ನಿಲ್ಲುವುದಿಲ್ಲ, ಒಂದು ಬಂದರೆ ಇನ್ನೊಂದು ಜಾಗ ಬಿಡುತ್ತದೆ. ಇದನ್ನು ಮೊದಲು ಕಂಡದ್ದು ಗೊಬ್ಬರದ ಚಿಂತೆಯಲ್ಲಿದ್ದವರು. 1850ರಲ್ಲಿ ಇಂಗ್ಲೆಂಡಿನ ರಸಾಯನ ವಿಜ್ಞಾನಿ ಜಾನ್ ಥಾಮಸ್ ವೇ ಮಣ್ಣು ತುಂಬಿದ ಕೊಳವೆಯ ಮೇಲಿನಿಂದ ಅಮೋನಿಯಂ ಸಲ್ಫೇಟ್ ದ್ರಾವಣ ಸುರಿದು, ಕೆಳಗಿನಿಂದ ಇಳಿದದ್ದನ್ನು ಹಿಡಿದು ನೋಡಿದಾಗ ಅದರಲ್ಲಿ ಇದ್ದದ್ದು ಕ್ಯಾಲ್ಸಿಯಂ ಸಲ್ಫೇಟ್. ಅಮೋನಿಯಂ ಮಣ್ಣಿನಲ್ಲಿ ಉಳಿದು ಕ್ಯಾಲ್ಸಿಯಂ ಹೊರಬಿದ್ದಿತ್ತು. ಜೇಡಿಯ ರಸಾಯನಶಾಸ್ತ್ರ ಅಲ್ಲಿಂದ ಶುರು.

ನೆಲೆಸಿದ ಅಯಾನುಗಳು ಹಾಳೆಗೆ ಅಂಟಿಕೊಂಡೇ ಕೂರುವುದಿಲ್ಲ. ಹಾಳೆಯ ಸೆಳೆತಕ್ಕೂ ನೀರಿನಲ್ಲಿ ಚದುರುವ ತಮ್ಮ ಸ್ವಭಾವಕ್ಕೂ ನಡುವೆ ಸಿಕ್ಕಿ, ಹಾಳೆಯ ಸುತ್ತ ಒಂದು ಮೋಡದಂತೆ ಹಬ್ಬುತ್ತವೆ. ಗೂಯ್ 1910ರಲ್ಲಿ, ಚಾಪ್‌ಮನ್ 1913ರಲ್ಲಿ ಈ ಮೋಡದ ಗಣಿತ ಬರೆದರು. ನೀರಿನಲ್ಲಿ ಅಡುಗೆ ಉಪ್ಪು ಲೀಟರಿಗೆ ಬರೀ 0.06 ಗ್ರಾಂ ಇದ್ದರೆ ಮೋಡದ ದಪ್ಪ ಸುಮಾರು 10 ನ್ಯಾನೊಮೀಟರ್. 6 ಗ್ರಾಂ ಆದಾಗ ಅದು 1 ನ್ಯಾನೊಮೀಟರ್‌ಗೆ ಕುಗ್ಗುತ್ತದೆ. ದಪ್ಪ ಮೋಡವಿರುವ ಎರಡು ಕಣ ಹತ್ತಿರ ಬಂದರೆ ಒಂದನ್ನೊಂದು ದೂರ ತಳ್ಳುತ್ತವೆ, ನೀರಿನಲ್ಲಿ ದಿನಗಟ್ಟಲೆ ತೇಲುತ್ತವೆ. ಮೋಡ ಕುಗ್ಗಿದಾಗ ಕಣಗಳು ಒಂದಕ್ಕೊಂದು ತಾಗುವಷ್ಟು ಸಮೀಪ ಬಂದು, ಸಹಜ ಆಕರ್ಷಣೆ ಗೆದ್ದು, ಗುಂಪುಗಟ್ಟಿ ತಳ ಸೇರುತ್ತವೆ. ಮಳೆಗಾಲದಲ್ಲಿ ಕೆಂಪಗೆ ಹರಿದು ಬಂದ ನೇತ್ರಾವತಿ ಅಳಿವೆಯಲ್ಲಿ ಕಡಲನ್ನು ಮುಟ್ಟಿದ ಮೇಲೆ ತನ್ನ ಹೊರೆಯನ್ನು ಇಳಿಸತೊಡಗುವುದರಲ್ಲಿ ಹರಿವು ನಿಧಾನವಾಗುವುದರ ಜೊತೆಗೆ ಇದರ ಪಾಲೂ ಇದೆ.

ಉಪ್ಪಿನ ಪ್ರಮಾಣ ಒಂದು ಮಾತು, ಉಪ್ಪಿನ ಜಾತಿ ಇನ್ನೊಂದು. ಒಂದು ವಿದ್ಯುದಂಶದ ಸೋಡಿಯಂಗಿಂತ ಎರಡರ ಕ್ಯಾಲ್ಸಿಯಂ, ಅದಕ್ಕಿಂತ ಮೂರರ ಅಲ್ಯೂಮಿನಿಯಂ ಎಷ್ಟೋ ಪಟ್ಟು ಕಡಿಮೆ ಪ್ರಮಾಣದಲ್ಲೇ ಕಣಗಳನ್ನು ಗುಂಪುಗಟ್ಟಿಸುತ್ತದೆ. ಶುಲ್ಟ್ಸೆ 1882ರಲ್ಲಿ, ಹಾರ್ಡಿ 1900ರಲ್ಲಿ ಇದನ್ನು ನಿಯಮವಾಗಿ ಹೇಳಿದರು. ನಿಯಮ ಗೊತ್ತಿಲ್ಲದೆಯೇ ನಮ್ಮ ಮನೆಗಳಲ್ಲಿ ಹೊಳೆನೀರಿನ ಕೊಡದಲ್ಲಿ ಪಟಿಕದ ತುಂಡನ್ನು ಎರಡು ಸುತ್ತು ತಿರುಗಿಸಿ ಎತ್ತುತ್ತಿದ್ದರು. ಅಷ್ಟರಲ್ಲಿ ಬಿಟ್ಟ ಅಲ್ಯೂಮಿನಿಯಮ್ಮೇ ಕೊಡದ ಜೇಡಿಗೆ ಸಾಕು. ಕೊಡದ ಒಳಮೈಗೆ ಉಜ್ಜುತ್ತಿದ್ದ ಚಿಲ್ಲದ ಬೀಜದ ಕೆಲಸ ಬೇರೆ ಬಗೆಯದು: ಅದರ ಉದ್ದನೆಯ ಅಣುಗಳು ಕಣದಿಂದ ಕಣಕ್ಕೆ ಸೇತುವೆ ಕಟ್ಟುತ್ತವೆ. ಸಂಸ್ಕೃತದವರು ಕತಕವೆಂದು ಕರೆದ ಬೀಜ ಅದೇ.

ಹಾಳೆಗಳ ನಡುವಿನ ಉಬ್ಬರದ ಕಥೆಯನ್ನು ನಿಖರವಾಗಿ ಅಳೆದವರು ಆಸ್ಟ್ರೇಲಿಯಾದ ಕೀತ್ ನಾರಿಶ್. 1954ರಲ್ಲಿ ಅವರು ಕ್ಷ-ಕಿರಣದಿಂದ ತೋರಿಸಿದ್ದು ಇದು: ಕ್ಯಾಲ್ಸಿಯಂ ತುಂಬಿದ ಮಾಂಟ್‌ಮೊರಿಲೊನೈಟ್ ಶುದ್ಧ ನೀರಿನಲ್ಲೂ ಹಾಳೆಯಿಂದ ಹಾಳೆಗೆ 1.9 ನ್ಯಾನೊಮೀಟರ್‌ಗೆ ಬಂದು ನಿಂತುಬಿಡುತ್ತದೆ. ಸೋಡಿಯಂ ತುಂಬಿದ್ದಾದರೆ, ಉಪ್ಪಿನ ಸಾಂದ್ರತೆ ಒಂದು ಮಟ್ಟಕ್ಕಿಂತ ಇಳಿದೊಡನೆ 1.9ರಿಂದ 4ಕ್ಕೆ ಒಮ್ಮೆಗೇ ನೆಗೆದು, ನೀರು ತೆಳುವಾದಷ್ಟೂ ಹಿಗ್ಗುತ್ತ ಹೋಗುತ್ತದೆ. ಪೊಟ್ಯಾಸಿಯಂ ಇವೆರಡಕ್ಕಿಂತ ಬೇರೆ ಜಾತಿ. ತನ್ನ ಸುತ್ತ ನೀರನ್ನು ಹೆಚ್ಚು ಹಿಡಿದುಕೊಳ್ಳದೆ ಹಾಳೆಯ ಮೇಲಿನ ಆರು ಮೂಲೆಯ ಕುಳಿಗಳಲ್ಲಿ ಸರಿಯಾಗಿ ಕೂತು ಬಾಗಿಲು ಮುಚ್ಚುತ್ತದೆ. ಎಣ್ಣೆ ಬಾವಿ ಕೊರೆಯುವವರು ಜೇಡಿಪದರ ಉಬ್ಬಿ ಬಾವಿ ಕಟ್ಟಿಕೊಳ್ಳದಿರಲೆಂದು ಕೆಸರಿಗೆ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸುವುದು ಈ ಕಾರಣಕ್ಕೆ.

ಇಲ್ಲಿಯವರೆಗಿನ ಮಾತು ಕೇಳಿದರೆ ಒಂದು ಸರಳ ಸೂತ್ರ ಸಿಕ್ಕಿತು ಎನಿಸಬಹುದು: ಉಪ್ಪು ಹೆಚ್ಚಿದರೆ ಜೇಡಿ ಕುಗ್ಗುತ್ತದೆ, ಇಳಿದರೆ ಹಿಗ್ಗುತ್ತದೆ. ಬಹಳ ಪುಸ್ತಕಗಳು ಇಲ್ಲಿಗೇ ನಿಲ್ಲುತ್ತವೆ. ನನ್ನ ದೃಷ್ಟಿಯಲ್ಲಿ ವಿಷಯ ಕಳೆಗಟ್ಟುವುದು ಇಲ್ಲಿಂದ ಮುಂದೆ, ಮತ್ತು ಅದರಲ್ಲಿ ಬೆಂಗಳೂರಿನ ಪಾಲು ದೊಡ್ಡದು.

ಕಟ್ಟಡದ ಪಾಯ ಹಾಕುವ ಮೊದಲು ಮಣ್ಣಿನ ಉಬ್ಬುಗುಣ ನೋಡಲು ನಮ್ಮ ಪ್ರಯೋಗಾಲಯಗಳಲ್ಲಿ ಒಂದು ಪರೀಕ್ಷೆ ಮಾಡುತ್ತಾರೆ. ಭಾರತೀಯ ಮಾನಕ 2720ರ 40ನೆಯ ಭಾಗ ಅದನ್ನು ವಿವರಿಸುತ್ತದೆ. ಒಣಗಿಸಿ ಜರಡಿ ಹಿಡಿದ ಮಣ್ಣು ಹತ್ತು ಹತ್ತು ಗ್ರಾಂ. ಗೆರೆ ಹಾಕಿದ 100 ಮಿಲಿಲೀಟರ್‌ನ ಎರಡು ಗಾಜಿನ ಸಿಲಿಂಡರ್. ಒಂದರಲ್ಲಿ ಬಟ್ಟಿ ಇಳಿಸಿದ ನೀರು, ಇನ್ನೊಂದರಲ್ಲಿ ಸೀಮೆಎಣ್ಣೆ. ಗಾಜಿನ ಕಡ್ಡಿಯಿಂದ ಕಲಕಿ ಗಾಳಿಗುಳ್ಳೆ ಬಿಡಿಸಿ ಇಟ್ಟು, 24 ಗಂಟೆ ಕಳೆದ ಮೇಲೆ ಮಣ್ಣು ಎಷ್ಟನೆಯ ಗೆರೆಗೆ ನಿಂತಿದೆ ಎಂದು ಓದುತ್ತಾರೆ. ಸೀಮೆಎಣ್ಣೆಯಲ್ಲಿ ಜೇಡಿ ಉಬ್ಬುವುದಿಲ್ಲ, ಆದ್ದರಿಂದ ಅದೇ ಅಳತೆಗೋಲು ಎಂಬುದು ಲೆಕ್ಕ. ಎರೆಮಣ್ಣಿಗೆ ಲೆಕ್ಕ ಹೊಂದುತ್ತದೆ. ಕೆಯೊಲಿನೈಟ್ ಹೆಚ್ಚಿರುವ ಮಣ್ಣು ಹಾಕಿದರೆ ಸೀಮೆಎಣ್ಣೆಯಲ್ಲಿ ಹೆಚ್ಚು ಎತ್ತರಕ್ಕೆ, ನೀರಿನಲ್ಲಿ ಕಡಿಮೆ ಎತ್ತರಕ್ಕೆ ನಿಲ್ಲುತ್ತದೆ. ನೀರಿನಲ್ಲಿನ ಗಾತ್ರ ಸೀಮೆಎಣ್ಣೆಯಲ್ಲಿನದಕ್ಕಿಂತ ಶೇಕಡ ಎಷ್ಟು ಹೆಚ್ಚು ಎಂದು ಹೇಳುವ ಉಬ್ಬಿನ ಸೂಚ್ಯಂಕ ಸೊನ್ನೆಗಿಂತ ಕೆಳಗೆ ಬರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎ. ಶ್ರೀಧರನ್ ಮತ್ತು ಅವರ ಸಂಗಡಿಗರು ಈ ವಿಚಿತ್ರವನ್ನು ಪರೀಕ್ಷೆಯ ದೋಷವೆಂದು ತಳ್ಳಿಹಾಕದೆ ಅದರ ಬೆನ್ನು ಹತ್ತಿದರು. ಶ್ರೀಧರನ್ ಮತ್ತು ವೆಂಕಟಪ್ಪ ರಾವ್ 1973ರಲ್ಲಿ ಮಂಡಿಸಿದ ವಾದದ ತಿರುಳು: ಜೇಡಿಯ ಗಾತ್ರವನ್ನು ಆಳುವ ಶಕ್ತಿಗಳು ಎರಡು. ಮಾಂಟ್‌ಮೊರಿಲೊನೈಟ್‌ನಲ್ಲಿ ಅಯಾನು ಮೋಡದ ತಳ್ಳಾಟ ಮೇಲುಗೈ. ಕೆಯೊಲಿನೈಟ್‌ನಲ್ಲಿ ಕಣ ಕಣ ತಾಗುವ ಕಡೆಯ ಹಿಡಿತ, ಅಂದರೆ ಕಣಗಳು ಒಂದರ ಮೇಲೊಂದು ಜಾರದೆ ನಿಲ್ಲುವ ಬಲ ಮೇಲುಗೈ. ಆದ್ದರಿಂದ ಒಂದೇ ಉಪ್ಪು ಒಂದು ಜೇಡಿಯನ್ನು ಕುಗ್ಗಿಸಿದರೆ ಇನ್ನೊಂದನ್ನು ಗಟ್ಟಿ ಚೌಕಟ್ಟಿನಲ್ಲಿ ಎತ್ತಿ ನಿಲ್ಲಿಸಬಹುದು. ನೀರು ಯಾವುದು ಎಂದು ಕೇಳುವ ಮುನ್ನ ಖನಿಜ ಯಾವುದು ಎಂದು ಕೇಳಬೇಕು ಎಂಬ ಪಾಠ ಇದು.

ಕೆಯೊಲಿನೈಟ್‌ಗೆ ಇನ್ನೊಂದು ಸೂಕ್ಷ್ಮವಿದೆ. ಅದರ ಹಾಳೆಯ ಮುಖ ಯಾವಾಗಲೂ ಋಣ, ಅಂಚು ಮಾತ್ರ ನೀರಿನ ಹುಳಿಯನ್ನು ಅನುಸರಿಸುತ್ತದೆ. ಹುಳಿ ನೀರಿನಲ್ಲಿ ಅಂಚು ಧನವಾಗಿ ಇನ್ನೊಂದರ ಮುಖಕ್ಕೆ ಅಂಟುತ್ತದೆ. ಇಸ್ಪೀಟಿನ ಎಲೆಗಳಲ್ಲಿ ಕಟ್ಟಿದ ಮನೆಯಂಥ ರಚನೆ ಆಗುತ್ತದೆ. ಕ್ಷಾರ ಹೆಚ್ಚಿದರೆ ಅಂಚೂ ಋಣವಾಗಿ ಮನೆ ಕಳಚುತ್ತದೆ. ಪಿಂಗಾಣಿ ಕೆಲಸದವರು ಗಟ್ಟಿ ರಾಡಿಗೆ ಸ್ವಲ್ಪ ಸೋಡಾ ಹಾಕಿ, ನೀರು ಬೆರೆಸದೆಯೇ ಅದನ್ನು ಅಚ್ಚಿಗೆ ಸುರಿಯುವಷ್ಟು ತೆಳುವಾಗಿಸುತ್ತಾರೆ.

ಖನಿಜ ಬೇರೆಯಾದರೆ ನಡತೆ ತಿರುಗುಮುರುಗಾಗುತ್ತದೆ ಎಂಬುದಕ್ಕೆ ಅತ್ಯಂತ ಘೋರ ಸಾಕ್ಷಿ ನಾರ್ವೆಯದು. ಹಿಮಯುಗ ಮುಗಿದಾಗ ಹಿಮನದಿಗಳು ಅರೆದು ತಂದ ಇಲ್ಲೈಟ್ ತುಂಬಿದ ನುಣ್ಣನೆಯ ಹಿಟ್ಟು ಸಮುದ್ರದಲ್ಲಿ ಇಳಿದು, ಉಪ್ಪಿನಿಂದ ಗುಂಪುಗಟ್ಟಿ, ತುಂಬಾ ನೀರನ್ನು ಒಳಗೆ ಹಿಡಿದ ಸಡಿಲ ರಚನೆಯಾಗಿ ಕೂತಿತು. ಹಿಮದ ಭಾರ ಇಳಿದ ಮೇಲೆ ನೆಲ ಮೇಲೆದ್ದು ಸಮುದ್ರದ ತಳ ಹೊಲಗಳಾಯಿತು. ಅನಂತರದ ಸಾವಿರಾರು ವರ್ಷ ಮಳೆನೀರು ಮತ್ತು ಅಂತರ್ಜಲ ಆ ಜೇಡಿಯೊಳಗಿನ ಉಪ್ಪನ್ನು ಮೆಲ್ಲಗೆ ತೊಳೆದವು. ಲೀಟರಿಗೆ 35 ಗ್ರಾಂನಿಂದ 1–2 ಗ್ರಾಂಗೆ ಇಳಿದ ಮೇಲೂ ಜೇಡಿ ಹೊರನೋಟಕ್ಕೆ ಮೊದಲಿನಂತೆಯೇ ಗಟ್ಟಿ. ಕಣಗಳ ಜೋಡಣೆ ಹಾಗೇ ಉಳಿದಿದೆ, ಒಳಗಿನ ನೀರಿನ ಪ್ರಮಾಣವೂ ಅಷ್ಟೇ ಇದೆ. ಆ ಜೋಡಣೆಯನ್ನು ಮತ್ತೆ ಕಟ್ಟಿಕೊಳ್ಳುವ ಶಕ್ತಿ ಮಾತ್ರ ಹೋಗಿದೆ. ಒಮ್ಮೆ ಕದಲಿದರೆ ಮುಗಿಯಿತು, ಮಜ್ಜಿಗೆಯಂತೆ ಹರಿಯುತ್ತದೆ. ಸಿಹಿನೀರೇ ಇದಕ್ಕೆ ಕಾರಣವೆಂದು ನಾರ್ವೆಯ ಐವಾನ್ ರೋಸೆನ್‌ಕ್ವಿಸ್ಟ್ ತೋರಿಸಿಕೊಟ್ಟರು. ಅವರ ಪ್ರಸಿದ್ಧ ಪ್ರಬಂಧ ಬಂದದ್ದು 1953ರಲ್ಲಿ.

1893ರಲ್ಲಿ ವೆರ್ದಾಲ್‌ನಲ್ಲಿ ಇಂಥ ಜೇಡಿ ಹರಿದು 116 ಜನ ಸತ್ತರು. 1978ರ ಏಪ್ರಿಲ್ 29ರಂದು ರಿಸ್ಸಾ ಎಂಬಲ್ಲಿ ಒಬ್ಬ ರೈತ ಕೊಟ್ಟಿಗೆ ವಿಸ್ತರಿಸಲು ಅಗೆದ ಮಣ್ಣನ್ನು ಕೆರೆಯ ದಡದಲ್ಲಿ ರಾಶಿ ಹಾಕಿದ್ದೇ ನೆಪವಾಗಿ 50–60 ಲಕ್ಷ ಘನ ಮೀಟರ್ ನೆಲ ಕರಗಿ ಹರಿಯಿತು, ಮನೆಗಳು ನಿಂತ ಹಾಗೆಯೇ ತೇಲಿಹೋದವು. ಅಲ್ಲಿದ್ದವರು ತೆಗೆದ ಚಿತ್ರಣ ಇಂದಿಗೂ ಪಾಠವಾಗಿ ಉಳಿದಿದೆ. 2020ರ ಡಿಸೆಂಬರ್ 30ರ ಬೆಳಗಿನ ಜಾವ ಯೆರ್‌ದ್ರುಮ್‌ನಲ್ಲಿ ಮತ್ತೆ ಹಾಗೇ ಆಗಿ ಹತ್ತು ಜನ ಜೀವ ಕಳೆದುಕೊಂಡರು. ಈ ಜೇಡಿಯ ಒಂದು ಪ್ರಾತ್ಯಕ್ಷಿಕೆ ನನ್ನ ಮನಸ್ಸಿನಿಂದ ಹೋಗುವುದಿಲ್ಲ: ಭಾರ ಇಟ್ಟರೂ ತಡೆಯುವ ಜೇಡಿಯ ತುಂಡನ್ನು ಗಾಜಿನ ಪಾತ್ರೆಯಲ್ಲಿ ಕಡ್ಡಿಯಿಂದ ಕಲಕುತ್ತಾರೆ, ಅದು ಹಿಟ್ಟಿನ ಗಂಜಿಯಂತೆ ಸುರಿಯುತ್ತದೆ, ಅದಕ್ಕೆ ಒಂದು ಚಮಚ ಉಪ್ಪು ಹಾಕಿ ಮತ್ತೆ ಕಲಕಿದರೆ ಗಟ್ಟಿಯಾಗಿ ಕಡ್ಡಿಗೆ ಅಂಟಿ ನಿಲ್ಲುತ್ತದೆ. ನಾರ್ವೆಯವರು ಈಗ ಪೊಟ್ಯಾಸಿಯಂ ಕ್ಲೋರೈಡ್ ತುಂಬಿದ ಬಾವಿಗಳನ್ನು ಇಳಿಸಿ, ಕಳೆದುಹೋದ ಉಪ್ಪನ್ನು ನೆಲಕ್ಕೆ ಹಿಂತಿರುಗಿಸುವ ಪ್ರಯೋಗ ನಡೆಸಿದ್ದಾರೆ.

ಈಗ ಮತ್ತೆ ನಮ್ಮ ನಾಲೆಯ ಕೊನೆಯಂಚಿಗೆ. ತುಂಗಭದ್ರೆಯ ನೀರು 1953ರಿಂದ ಹೊಲಗಳಿಗೆ ಬಂತು. ಎರೆಯಲ್ಲಿ ಭತ್ತ ನಿಂತಿತು, ಅಂತರ್ಜಲ ಮೇಲೇರಿತು. ಬಸಿಯಲು ದಾರಿಯಿಲ್ಲದ ತಗ್ಗಿನ ಹೊಲಗಳು ಮೊದಲು ಜವಳಾದವು, ನೀರು ಮೇಲ್ಮೈಯಿಂದ ಆವಿಯಾಗುತ್ತ ಉಪ್ಪು ಬಿಟ್ಟುಹೋಗಿ ಅನಂತರ ಸವಳಾದವು. ಉಪ್ಪು ಸಾಂದ್ರವಾಗುವಾಗ ಕ್ಯಾಲ್ಸಿಯಂ ಸುಣ್ಣದ ಹರಳಾಗಿ ಕೂತುಬಿಡುತ್ತದೆ, ಸೋಡಿಯಂ ದ್ರಾವಣದಲ್ಲೇ ಉಳಿದು ಜೇಡಿಯ ಜಾಗಗಳನ್ನು ಒಂದೊಂದಾಗಿ ಹಿಡಿಯುತ್ತದೆ. ಬೈಕಾರ್ಬನೇಟ್ ಹೆಚ್ಚಿರುವ ಕೊಳವೆಬಾವಿಯ ನೀರು ಹಾಯಿಸುವ ಕಡೆಯೂ ಇದೇ ಕಥೆ. ಉಪ್ಪು ತುಂಬಿರುವವರೆಗೆ ಆ ಮಣ್ಣು ಪುಡಿಪುಡಿಯಾಗಿ ಚೆನ್ನಾಗಿಯೇ ಕಾಣುತ್ತದೆ. ಆಗ ಒಳ್ಳೆಯ ಉದ್ದೇಶದಿಂದ ಸಿಹಿನೀರು ನಿಲ್ಲಿಸಿ ಉಪ್ಪು ತೊಳೆಯುತ್ತಾರೆ. ಉಪ್ಪು ಹೋಗುತ್ತದೆ, ಸೋಡಿಯಂ ಜೇಡಿಯಲ್ಲಿ ಉಳಿಯುತ್ತದೆ. ನನ್ನ ಮೊದಲ ಲೋಟದಲ್ಲಿ ಆದದ್ದೇ ಇಡೀ ಹೊಲದಲ್ಲಿ ಆಗುತ್ತದೆ: ಕಣ ಚದುರಿ, ರಂಧ್ರ ಮುಚ್ಚಿ, ನೀರು ಇಳಿಯದೆ, ಒಣಗಿದಾಗ ಮೇಲ್ಮೈ ಹಲಗೆಯಂತೆ ಬಿಗಿದು ಮೊಳಕೆ ಮೇಲೇಳದು. ಹದ ಎಂಬುದೇ ಆ ಹೊಲಕ್ಕೆ ಇರುವುದಿಲ್ಲ. ನೇಗಿಲಿಗೆ ಇಂದು ರಾಡಿ, ನಾಳೆ ಕಲ್ಲು.

1953ರ ಫೆಬ್ರವರಿಯಲ್ಲಿ ಸಮುದ್ರ ನುಗ್ಗಿದ ನೆದರ್‌ಲ್ಯಾಂಡ್ಸ್ ರೈತರಿಗೆ ಈ ಪಾಠ ಯುದ್ಧಕಾಲದ ನೆರೆಗಳಿಂದಲೇ ಗೊತ್ತಿತ್ತು. ಹೊಲಗಳಿಗೆ ಜಿಪ್ಸಮ್ ಹಾಕಿ, ಮಳೆ ಉಪ್ಪು ತೊಳೆಯುವಾಗ ಸೋಡಿಯಂ ಜಾಗಕ್ಕೆ ಕ್ಯಾಲ್ಸಿಯಂ ಬಂದು ಕೂರುವಂತೆ ನೋಡಿಕೊಂಡರು. ಜಿಪ್ಸಮ್ ಲೀಟರಿಗೆ ಸುಮಾರು 2.5 ಗ್ರಾಂ ಕರಗುತ್ತದೆ. ಆ ಅಷ್ಟು ಸಾಂದ್ರತೆ ಕಣಗಳನ್ನು ಒಟ್ಟಿಗೆ ಹಿಡಿಯುತ್ತದೆ, ಅಷ್ಟರಲ್ಲಿ ಕ್ಯಾಲ್ಸಿಯಂ ಒಳಗಿನ ಬದಲಾವಣೆ ಮುಗಿಸುತ್ತದೆ. ಹೊರಬಿದ್ದ ಸೋಡಿಯಂ ಬಸಿದುಹೋಗಲು ಕಾಲುವೆ ಬೇಕು. ಬಸಿಗಾಲುವೆ ಇಲ್ಲದ ಹೊಲಕ್ಕೆ ಜಿಪ್ಸಮ್ ಚೀಲ ಸುರಿಯುವುದು ಅರ್ಧ ಕೆಲಸ. ನೆಲದಡಿಯ ಕೊಳವೆ ಬಸಿತದ ಬಗ್ಗೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ವರ್ಷಗಳಿಂದ ಕೆಲಸ ಮಾಡುತ್ತಿರುವುದು ಈ ಕಾರಣಕ್ಕೆ.

ಜೇಡಿಯ ಅಯಾನು ಜಾಗಗಳಲ್ಲಿ ಸೋಡಿಯಂ ಪಾಲು ಎಷ್ಟಾದರೆ ಅಪಾಯ? ಅಮೆರಿಕದ ರಿವರ್‌ಸೈಡ್‌ನ ಲವಣ ಪ್ರಯೋಗಾಲಯ 1954ರ ಕೈಪಿಡಿಯಲ್ಲಿ ಶೇಕಡ 15 ಎಂದು ಗೆರೆ ಎಳೆಯಿತು. ಆಸ್ಟ್ರೇಲಿಯಾ ಶೇಕಡ 6 ಎಂದಿತು. ಇಬ್ಬರೂ ಸರಿ, ಯಾಕೆಂದರೆ ಇಬ್ಬರ ನೀರು ಬೇರೆ. ಅಮೆರಿಕದ ಪಶ್ಚಿಮದ ನೀರಾವರಿ ನೀರಿನಲ್ಲಿ ಸಾಕಷ್ಟು ಉಪ್ಪಿತ್ತು, ಅದು ಮಣ್ಣನ್ನು ಹಿಡಿದು ನಿಲ್ಲಿಸುತ್ತಿತ್ತು. ಆಸ್ಟ್ರೇಲಿಯಾದ ಮಣ್ಣು ನೋಡಿದ್ದು ಮಳೆನೀರನ್ನು. ಕ್ವಿರ್ಕ್ ಮತ್ತು ಸ್ಕೋಫೀಲ್ಡ್ 1955ರಲ್ಲೇ ಇದನ್ನು ಅಳೆದು ತೋರಿಸಿದ್ದರು: ಪ್ರತಿ ಸೋಡಿಯಂ ಮಟ್ಟಕ್ಕೂ ಒಂದು ಕನಿಷ್ಠ ಉಪ್ಪಿನ ಸಾಂದ್ರತೆ ಇದೆ, ಅದಕ್ಕಿಂತ ತೆಳುವಾದ ನೀರು ಬಂದರೆ ಮಣ್ಣು ಮುಚ್ಚಿಕೊಳ್ಳುತ್ತದೆ. ಮುಂಗಾರಿನ ಮಳೆ ನೇರವಾಗಿ ಬೀಳುವ ನಮ್ಮ ಎರೆಗೆ 15 ಎಂಬ ಗೆರೆ ತೀರಾ ಉದಾರವಾದದ್ದು ಎಂಬುದು ನನ್ನ ಅಭಿಪ್ರಾಯ. 2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ. ಸಾರಜನಕದಿಂದ ಬೋರಾನ್‌ವರೆಗೆ, ರಸಸಾರ, ಲವಣಾಂಶ ಎಲ್ಲ ಇವೆ. ಸೋಡಿಯಂ ಇಲ್ಲ. ರೈತನ ಬಾವಿಯ ನೀರಿಗೆ ಅದರಲ್ಲಿ ಒಂದು ಸಾಲೂ ಇಲ್ಲ. ಇದನ್ನು ಸೇರಿಸಿ ಎಂದು ಕೇಳುವುದು ದೊಡ್ಡ ಬೇಡಿಕೆಯಲ್ಲ. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳನ್ನು ತುಂಬಿಸುತ್ತಿದೆ. ಊರಿನ ಕೊಳೆನೀರಿನಲ್ಲಿ ಸಾಬೂನು, ಉಪ್ಪುಗಳಿಂದ ಸೋಡಿಯಂ ಸಹಜವಾಗಿಯೇ ಹೆಚ್ಚು. ಭಾರಲೋಹ, ಕ್ರಿಮಿಗಳ ಬಗ್ಗೆ ನಡೆದಷ್ಟೇ ಚರ್ಚೆ ಇದರ ಬಗ್ಗೆಯೂ ನಡೆಯಬೇಕು.

ಜೇಡಿಯ ಉಬ್ಬುಗುಣವನ್ನೇ ನೆಚ್ಚಿದವರೂ ಇದ್ದಾರೆ. ಸ್ವೀಡನ್ ಮತ್ತು ಫಿನ್‌ಲ್ಯಾಂಡ್ ದೇಶಗಳು ಬಳಸಿದ ಅಣು ಇಂಧನವನ್ನು ತಾಮ್ರದ ಪೆಟ್ಟಿಗೆಯಲ್ಲಿಟ್ಟು, ಸುತ್ತ ಮಾಂಟ್‌ಮೊರಿಲೊನೈಟ್ ತುಂಬಿದ ಬೆಂಟೊನೈಟ್ ಜೇಡಿಯ ಹೊದಿಕೆ ಹಾಕಿ, 400–500 ಮೀಟರ್ ಆಳದ ಬಂಡೆಯಲ್ಲಿ ಹುಗಿಯುವ ಯೋಜನೆ ಮಾಡಿವೆ. ಉಪ್ಪುನೀರು ಬಂದರೆ ಬೆಂಟೊನೈಟ್‌ನ ಒತ್ತಡ ಇಳಿಯುತ್ತದೆ, ಅದು ಮೊದಲೇ ಲೆಕ್ಕಕ್ಕೆ ಬಂದಿತ್ತು. ಹೆಚ್ಚು ತಲೆ ಕೆಡಿಸಿದ್ದು ಇನ್ನೊಂದು: ಮುಂದಿನ ಹಿಮಯುಗ ಬಂದು ಕರಗಿದಾಗ ಬಂಡೆಯ ಬಿರುಕುಗಳಲ್ಲಿ ಇಳಿಯುವ, ಉಪ್ಪೇ ಇಲ್ಲದ ಹಿಮನೀರು. ಅದು ಬೆಂಟೊನೈಟನ್ನು ಚದುರಿಸಿ ಹೊತ್ತೊಯ್ಯಬಹುದು. ಹತ್ತಾರು ಸಾವಿರ ವರ್ಷದ ಆಚೆಯ ನೀರಿನ ಕ್ಯಾಲ್ಸಿಯಂ ಇಂದಿನ ಎಂಜಿನಿಯರರ ಲೆಕ್ಕದ ಪುಸ್ತಕ ಸೇರಿದೆ. ಕಸದ ಗುಂಡಿಗಳ ಹೊದಿಕೆಯಲ್ಲಿ ಬಳಸುವ ಸೋಡಿಯಂ ಬೆಂಟೊನೈಟ್‌ಗೆ ಇದರ ತದ್ವಿರುದ್ಧ ಕಾಯಿಲೆ: ಸುತ್ತಲಿನ ಮಣ್ಣಿನ ಕ್ಯಾಲ್ಸಿಯಂ ಕೆಲವೇ ವರ್ಷಗಳಲ್ಲಿ ಒಳಹೊಕ್ಕು, ಅದು ಕುಗ್ಗಿ, ಬಿರುಕು ಬಿಟ್ಟು ಸೋರತೊಡಗುತ್ತದೆ.

ಸಿದ್ಧಾಂತ ಎಲ್ಲ ಮುಗಿದಿದೆ ಎಂದೇನಲ್ಲ. ಒಂದೇ ಋಣ ಹೊತ್ತ ಎರಡು ಹಾಳೆಗಳ ನಡುವೆ ಕ್ಯಾಲ್ಸಿಯಂ ಇದ್ದಾಗ ಅವು ಪರಸ್ಪರ ಸೆಳೆಯುವುದನ್ನು ಹಳೆಯ ಮೋಡದ ಗಣಿತ ವಿವರಿಸಲಾರದು. ಅಯಾನುಗಳು ಒಂದರ ಚಲನೆಗೆ ಇನ್ನೊಂದು ಹೊಂದಿಕೊಳ್ಳುವುದನ್ನು ಲೆಕ್ಕಕ್ಕೆ ತಂದಾಗ ಮಾತ್ರ ಉತ್ತರ ಸಿಕ್ಕಿತು, ಅದೂ 1984ರ ಕಂಪ್ಯೂಟರ್ ಲೆಕ್ಕಗಳ ಮೂಲಕ. ಮೆಗ್ನೀಸಿಯಂ ಕ್ಯಾಲ್ಸಿಯಂನಷ್ಟು ಒಳ್ಳೆಯದಲ್ಲ, ಪೊಟ್ಯಾಸಿಯಂ ಪೂರ್ತಿ ನಿರಪಾಯವಲ್ಲ ಎಂಬುದನ್ನು ಸೇರಿಸಿ ಅಡಿಲೇಡ್‌ನ ರಂಗಸಾಮಿ ಮತ್ತು ಮಾರ್ಚುಕ್ 2011ರಲ್ಲಿ ನೀರಿನಿಂದ ಮಣ್ಣಿಗಾಗುವ ಅಪಾಯ ಅಳೆಯುವ ಹೊಸ ಅನುಪಾತವೊಂದನ್ನು ಸೂಚಿಸಿದರು. ಸೋಡಿಯಂ ಒಂದನ್ನೇ ದೋಷಿಯೆಂದು ಎಣಿಸುವ ಹಳೆಯ ಅನುಪಾತಕ್ಕಿಂತ ಇದು ಕೊಳೆನೀರಿನ ಕಾಲಕ್ಕೆ ಹೆಚ್ಚು ಹೊಂದುತ್ತದೆ.

ರಾಯಚೂರು, ಬಳ್ಳಾರಿ ಸೀಮೆಯ ಹಳೆಯ ಮಾಳಿಗೆ ಮನೆಗಳ ಸೂರು ಮಣ್ಣಿನದು. ಅದರ ಮೇಲಿನ ಪದರಕ್ಕೆ ಹಿರಿಯರು ಹುಡುಕಿ ತರುತ್ತಿದ್ದದ್ದು ಸವಳು ಮಣ್ಣು. ಯಾವ ಹೊಲದಲ್ಲಿ ಜೋಳ ಮೇಲೇಳುವುದಿಲ್ಲವೋ ಆ ಹೊಲದ ಮಣ್ಣು. ಸೋಡಿಯಂ ತುಂಬಿದ ಆ ಜೇಡಿಯ ಮೇಲೆ ಮಳೆಯ ಸಿಹಿನೀರು ಬಿದ್ದೊಡನೆ ಕಣ ಚದುರಿ ರಂಧ್ರಗಳೆಲ್ಲ ಮುಚ್ಚಿಕೊಳ್ಳುತ್ತವೆ, ಹನಿಯೂ ಕೆಳಗಿಳಿಯುವುದಿಲ್ಲ. ಮುಂಗಾರಿಗೆ ಮುಂಚೆ ಬುಟ್ಟಿಗಳಲ್ಲಿ ಹೊತ್ತು ತಂದು ಮಾಳಿಗೆಯ ಮೇಲೆ ಹರಡಿ, ಕಾಲಿನಿಂದ ತುಳಿದು, ಇಳಿಜಾರು ಸರಿಮಾಡಿ, ಮಳೆಗೆ ಕಾಯುತ್ತಿದ್ದರು.